ರುದ್ರಗೌಡರ ದ್ರಾಕ್ಷಿ ಚಪ್ಪರ

ಬಿಜಾಪುರ ಕಡೆಯ ರುದ್ರಗೌಡರು ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದರೂ, ಅವರ ನಿಜವಾದ ದರ್ಬಾರು ನಡೆಯುತ್ತಿದ್ದದ್ದು ಲ್ಯಾವಿಂಗ್ಟನ್ ಬಡಾವಣೆಯ ಮನೆಯ ಹಿತ್ತಲಿನಲ್ಲಿ, ಬೀಜವಿಲ್ಲದ ದ್ರಾಕ್ಷಿಯ ಚಪ್ಪರದ ಕೆಳಗೆ. ಕಾಯಿ ಮೆತ್ತಗಾಗತೊಡಗಿದ್ದೇ ತಡ, ಯಾರೂ ಗೊಂಚಲು ಕೊಯ್ಯದಂತೆ ಮನೆಯ ಕತ್ತರಿಗಳೆಲ್ಲ ಅವರ ಕಪಾಟು ಸೇರುತ್ತಿದ್ದವು. ಬೆಳಿಗ್ಗೆ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಹಸಿರು ಹೋಗಿ ಜೇನಿನ ಬಣ್ಣ ಬಂತೇ ಎಂದು ನೋಡುವರು; ಎಲ್ಲಕ್ಕಿಂತ ತಡವಾಗಿ ಹಣ್ಣಾಗುವ ತುದಿಯ ಕಾಯಿಯನ್ನೇ ಕಿತ್ತು, ಕಣ್ಣು ಮುಚ್ಚಿ ಅಗಿದು, "ಇನ್ನೂ ಇಲ್ಲ" ಎಂದು ತೀರ್ಪು ಕೊಡುವರು. ಪಕ್ಕದ ಮನೆಯ ಮಂಗಳೂರಿನ ಮೆರಿಲ್, "ಒಂದು ಗೊಂಚಲು ಕೊಡಿ ಮಾರಾಯ್ರೆ, ಅಕ್ಕಿ ಡಬ್ಬದಲ್ಲಿಟ್ಟು ಹಣ್ಣು ಮಾಡ್ತೇನೆ" ಎಂದರೆ, "ಇದೇನ್ ಬಾಳೇಕಾಯೇನ್ರೀ? ಬಳ್ಳಿ ಬಿಟ್ಟ ಮ್ಯಾಲ ದ್ರಾಕ್ಷಿ ಒಂದಿಷ್ಟೂ ಸಿಹಿ ಆಗಂಗಿಲ್ಲ" ಎಂದು ಗದರುವರು. ಕಾರ್ಖಾನೆಯ ಮಾಲೀಕರೇ ಊಟಕ್ಕೆ ಬಂದು, ಚಪ್ಪರವನ್ನು ನೋಡಿ ಬಾಯಿ ಚಪ್ಪರಿಸಿ, ಬರಿಗೈಯಲ್ಲಿ ಹೋಗಿದ್ದರು. ೨೦೦೬ರಲ್ಲಿ ಗೊಂಚಲುಗಳು ಇನ್ನೂ ಹಸಿರಾಗಿದ್ದಾಗ ಹೆಂಡತಿ ನೀಲಮ್ಮ ಆಸ್ಪತ್ರೆ ಸೇರಿದರು. ಇನ್ನು ಒಂದು ವಾರ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ ದಿನ, ಗೌಡರು ಮನೆಗೆ ಬಂದು, ರುಚಿಯನ್ನೂ ನೋಡದೆ ದೊಡ್ಡ ಗೊಂಚಲೊಂದನ್ನು ಕೊಯ್ದು, ತೊಳೆದು, ಆಸ್ಪತ್ರೆಗೆ ಒಯ್ದರು. "ಹಣ್ಣಾಗ್ಯಾವೇನ್ರಿ?" ಎಂದು ನೀಲಮ್ಮ ಕೇಳಿದರು. "ಆಗ್ಯಾವ, ತಿನ್ನು" ಎಂದರು ಗೌಡರು. ದ್ರಾಕ್ಷಿಯ ವಿಷಯದಲ್ಲಿ ಅವರು ಹೇಳಿದ ಒಂದೇ ಸುಳ್ಳು ಅದು. ನೀಲಮ್ಮ ಒಂದನ್ನು ಬಾಯಿಗೆ ಹಾಕಿಕೊಂಡರು. ಹುಳಿಗೆ ಮುಖ ಕಿವುಚಿಕೊಂಡೇ, "ಭಾಳ ಸಿಹಿ ಅದಾವ್ರೀ" ಎಂದು ಇನ್ನೊಂದಕ್ಕೆ ಕೈ ಚಾಚಿದರು.