ಅವ್ವ ಕೇಳಿದ ಔಷಧ

ಅವ್ವನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದ ಘಟಪ್ರಭಾದ ಡಾಕ್ಟರರು, "ಸಕ್ಕರಿ ಬ್ಯಾನಿ ಹಳೇದಾಗಿ ಕಿಡ್ನಿ ಸೋತಾವು. ಅದಕ್ಕ ಮೈಯಾಗ ರಕ್ತ ಕಡಿಮಿ ಆಗೇತ್ರಿ" ಎಂದರು. ಅಪ್ಪನ ಮುಖ ಬಾಡಿತು. ವರ್ಷಗಟ್ಟಲೆ ಸಿಹಿ ಮುಟ್ಟದ ಅವ್ವ ಮಾತ್ರ ತಟ್ಟನೆ ಕೇಳಿದಳು: "ಬೆಲ್ಲ ತಿಂದ್ರ ರಕ್ತ ಆಗ್ತೈತಂತಲ್ರಿ? ಚೀಟ್ಯಾಗ ಗೋಕಾಕದ ಕರದಂಟ ಬರದ ಕೊಡ್ರಿ!"

"ಬರೀತೇನ್ರಿ ಅವ್ವಾರ. ಆದ್ರ ತಿನ್ನಾವ್ರು ನಿಮ್ಮ ಯಜಮಾನ್ರು!" ಎಂದು ನಕ್ಕ ಡಾಕ್ಟರರು ಅವ್ವನಿಗೆ ಕಬ್ಬಿಣದ ಟಾನಿಕ್ ಬರೆದರು.

ಅವಳ ಜೊತೆಗೇ ಸಿಹಿ ಬಿಟ್ಟಿದ್ದ ಅಪ್ಪನಿಗೆ ಅವ್ವ ಅವತ್ತೇ ಗೋಕಾಕದ ಪೇಟೆಯಲ್ಲಿ ಕರದಂಟು ಕೊಂಡು, ಮುರಿದು ಬಾಯಿಗಿಟ್ಟಳು. ಅಗಿಯುತ್ತಲೇ ಅಪ್ಪನ ಕಣ್ಣು ತುಂಬಿತು. "ಅಳಬ್ಯಾಡ್ರಿ, ರುಚಿ ಹ್ಯಾಂಗೈತಿ ಹೇಳ್ರಿ" ಎಂದು ಅವ್ವ ಗದರಿಸಿದಳು.

ಇದು ಅರವತ್ತರ ದಶಕದ ಮಾತು. ಅವ್ವ ಪೂರ್ತಿ ಗುಣವಾಗಲಿಲ್ಲ. ಆದರೆ ಅವಳು ಇದ್ದಷ್ಟು ದಿನ ಅಪ್ಪನಿಗೆ ಸಿಹಿ ತಪ್ಪಲಿಲ್ಲ.