ಮೂರು ಊರಿನ ಮೂರು ಕೊಳವೆ

ಗೋಕುಳ ಶಿರಗಾಂವದ ಒಂದು ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಂದ ನನ್ನ ಕೆಲಸ ಒಂದೇ, ಬೀಡುಕಬ್ಬಿಣದ ಸರಳು ಮುರಿಯುವುದು. ಕುಲುಮೆಯಿಂದ ಬೀಡು ಸುರಿಯುವಾಗಲೆಲ್ಲ ಅದರಿಂದಲೇ ಮೂರ್ನಾಲ್ಕು ಸರಳು ಎರೆದಿಡುತ್ತಾರೆ. ಒಂದನ್ನು ಯಂತ್ರಕ್ಕೆ ಕಚ್ಚಿಸಿ ಎಷ್ಟು ತಡೆಯುತ್ತದೆ ಎಂದು ನೋಡುತ್ತೇನೆ. ಬೇಗ ಮುರಿದರೆ ಯಾರೂ ಗಾಬರಿಯಾಗುವುದಿಲ್ಲ, ಇನ್ನೆರಡು ಮುರಿಯುತ್ತೇವೆ. ಎರಡೂ ತಡೆದರೆ ಮಾಲು ಪಾಸು, ಮೊದಲಿನದು ಲೆಕ್ಕಕ್ಕಿಲ್ಲ. ಈ ನಿಯಮವನ್ನು ನಾನು ನನ್ನ ಕರುಳಿಗೂ ಹಚ್ಚಿದೆ. ಅಷ್ಟು ಶಾಣ್ಯಾ ನಾನು.

ಕೊಲ್ಹಾಪುರದಲ್ಲಿ ನಮ್ಮ ಮನೆ ಹತ್ತಿರದ ಡಾಕ್ಟರು ಐವತ್ತು ದಾಟಿದವರಿಗೆಲ್ಲ ಮಲ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಕಣ್ಣಿಗೆ ಕಾಣದ ರಕ್ತ ಅದರಲ್ಲಿ ಇದೆಯೇ ಎಂದು ನೋಡುವ ಪರೀಕ್ಷೆ. ಒಂದು ಸಣ್ಣ ಕೊಳವೆ ಕೊಡುತ್ತಾರೆ; ಮುಂದಿನದು ನಮ್ಮ ಪಾಡು. ಮೊದಲ ವರ್ಷ ನನ್ನದರಲ್ಲಿ ರಕ್ತ ಇಲ್ಲ ಎಂದು ಬಂತು.

"ಛಲೋ ಆತು," ಎಂದರು ಡಾಕ್ಟರು. "ಆದ್ರ ಇದು ಜನ್ಮಕ್ಕ ಸಾಕಾಗೂ ಸರ್ಟಿಫಿಕೇಟ್ ಅಲ್ರಿ. ಬರೂ ವರ್ಷ ಮತ್ತ ಮಾಡಸ್ರಿ. ನಡುವ ರಕ್ತ ಕಂಡ್ರ, ತೂಕ ಇಳಿದ್ರ, ವರ್ಷ ಆಗ್ಲಿ ಅಂತ ಕಾಯಬ್ಯಾಡ್ರಿ."

ಮರುವರ್ಷ ಮಾಡಿಸಿದೆ. ರಕ್ತ ಇದೆ ಎಂದು ರಿಪೋರ್ಟ್ ಬಂತು. ಹಾಗೆ ಬಂದರೆ ದುರ್ಬೀನು ಹಾಕಿ ಕರುಳಿನ ಒಳಗೆ ನೋಡುತ್ತಾರೆ ಎಂದು ಗೊತ್ತಿತ್ತು. ದುರ್ಬೀನಿಗಿಂತ ಅದರಲ್ಲಿ ಏನು ಕಾಣುತ್ತದೋ ಎಂದು ಹೆದರಿದೆ. ಡಾಕ್ಟರ ಹತ್ತಿರ ಹೋಗಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಇನ್ನೆರಡು ಸರಳು ಮುರಿಯೋಣ ಎಂದುಕೊಂಡೆ.

ಒಂದೇ ಲ್ಯಾಬ್ ಆದರೆ ಒಂದೇ ತಪ್ಪು ಎರಡು ಸಲ ಆದೀತು ಎಂದು ಊರನ್ನೂ ಬದಲಿಸಿದೆ. ಗಡಹಿಂಗ್ಲಜದಲ್ಲಿ ತಂಗಿಯ ಮನೆಗೆ ಹೋಗಿ ಎರಡು ದಿನ ಉಳಿದೆ. ಬೆಳಿಗ್ಗೆ ಅಂಗಿಯ ಜೇಬಿನಲ್ಲಿ ಕೊಳವೆ ಇಟ್ಟುಕೊಂಡು ಹೊರಟಾಗ ಅವಳು, "ಇಷ್ಟ್ ಲಗೂ ಎಲ್ಲಿಗ್ ಹೊಂಟಿ ಅಣ್ಣಾ? ಚಾ ಕುಡದ ಹೋಗು," ಎಂದಳು. ವಾಕಿಂಗ್ ಎಂದೆ. ಹುಟ್ಟಿದಾಗಿನಿಂದ ವಾಕಿಂಗ್ ಹೋದವನಲ್ಲ. ಮುಂದಿನ ತಿಂಗಳು ಇಚಲಕರಂಜಿಯ ಮಗಳ ಮನೆಯಲ್ಲೂ ಅದೇ ನಾಟಕ. ಎರಡೂ ಕಡೆ ರಕ್ತ ಇಲ್ಲ ಎಂದು ಬಂತು. ಬಸ್ಸಿನಲ್ಲಿ ಬರುವಾಗ ಹಾಡಬೇಕೆನ್ನಿಸಿತು. ಆ ಎರಡನ್ನು ಫೈಲಿಗೆ ಹಾಕಿ, ರಕ್ತ ಇದೆ ಎಂದಿದ್ದ ಕೊಲ್ಹಾಪುರದ ರಿಪೋರ್ಟನ್ನು ರದ್ದಿ ಪೇಪರಿನ ಕಟ್ಟಿನಲ್ಲಿ ತುರುಕಿದೆ.

ಆ ರಿಪೋರ್ಟ್ ಬಂದು ನಾಲ್ಕು ತಿಂಗಳಾದಾಗ ರದ್ದಿಯವನಿಗೆ ಕೊಡಲು ಹೆಂಡತಿ ಆ ಕಟ್ಟು ಬಿಚ್ಚಿದಳು. ನಾನು ಕೆಲಸದಿಂದ ಬಂದಾಗ ಆ ಹಾಳೆ ಅವಳ ತೊಡೆಯ ಮೇಲಿತ್ತು.

"ಏನ್ರಿ ಇದು?"

ನಾನು ಫೈಲು ತಂದು ಎರಡು ರಿಪೋರ್ಟ್ ತೋರಿಸಿದೆ, ಸರಳಿನ ನಿಯಮ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮಾಲಿನ ಹೊಟ್ಟ್ಯಾಗ ಟೊಳ್ಳ ಇದ್ರ ನಿಮ್ಮ ಸರಳಿನಾಗ ಕಾಣತೈತೇನ್ರಿ?"

ಕಾಣುವುದಿಲ್ಲ. ಸರಳು ಬೀಡಿನ ಗುಣ ಹೇಳುತ್ತದೆ, ಆ ಮಾಲಿನ ಒಳಗಿನ ಟೊಳ್ಳನ್ನಲ್ಲ. ಅದಕ್ಕೆ ಮಾಲನ್ನೇ ನೋಡಬೇಕು. ಇದನ್ನು ಊಟಕ್ಕೆ ಕೂತಾಗ ನಾನೇ ಅವಳಿಗೆ ನೂರು ಸಲ ಹೇಳಿದ್ದೆ.

ಮರುದಿನ ಅವಳೇ ಕರೆದುಕೊಂಡು ಹೋದಳು. ಡಾಕ್ಟರು ಮೂರೂ ರಿಪೋರ್ಟ್ ನೋಡಿದರು. "ರಕ್ತ ದಿನಾ ಬರಂಗಿಲ್ರಿ. ಬರದ ದಿನ ಟೆಸ್ಟ್ ಮಾಡಿದ್ರ ಇಲ್ಲ ಅಂತನ ಬರತೈತಿ. ಬರೇ ಇಲ್ಲ ಅಂತ ಬಂದವ್ರು ವರ್ಷಕ್ಕೊಮ್ಮೆ ಮತ್ತ ಮಾಡಸ್ಬೇಕು. ಒಮ್ಮೆ ಐತಿ ಅಂತ ಬಂದ್ರ ಮತ್ತ ಟೆಸ್ಟ್ ಇಲ್ಲ, ಸೀದಾ ದುರ್ಬೀನು."

ದುರ್ಬೀನಿನಲ್ಲಿ ಎರಡು ಗಂಟು ಕಂಡವು. ಆಗಲೇ ಕತ್ತರಿಸಿ ತೆಗೆದು ಲ್ಯಾಬಿಗೆ ಕಳಿಸಿದರು. ವಾರದ ಮೇಲೆ ಅದರ ರಿಪೋರ್ಟ್ ಕೇಳಲು ಇಬ್ಬರೂ ಹೋದೆವು. ದೊಡ್ಡದರ ತುದಿಯಲ್ಲಿ ಕ್ಯಾನ್ಸರ್ ಶುರುವಾಗಿತ್ತು, ಬುಡಕ್ಕೆ ಇಳಿದಿರಲಿಲ್ಲ. ಗಂಟು ಪೂರ್ತಿ ಕಿತ್ತು ಬಂದಿದೆ, ಆಪರೇಶನ್ ಬೇಡ, ಆದರೆ ಇನ್ನು ಮುಂದೆ ಕೊಳವೆಯ ಪರೀಕ್ಷೆಯಲ್ಲ, ತಾವು ಹೇಳಿದಾಗ ದುರ್ಬೀನಿಗೇ ಬರಬೇಕು ಎಂದರು ಡಾಕ್ಟರು. ನನಗೆ ಅಲ್ಲಿಯೇ ಅಳು ಬಂತು.

ಹೊರಗೆ ಬಂದು ರಿಕ್ಷಾದಲ್ಲಿ ಕೂತೆವು. ಸಂಜೆಯಾಗುತ್ತಿತ್ತು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಇಬ್ಬರೂ ಎದುರುಬದುರು ಕೂತು ಉಣ್ಣುವುದು ಮದುವೆಯಾದಾಗಿನಿಂದ ತಪ್ಪಿಲ್ಲ. ಲಗೂ ಹೋದರೆ ಊಟಕ್ಕೆ ಹೊತ್ತು ಸಿಗುತ್ತದೆ ಎಂದೆ. ಅವಳು ನನ್ನ ಕಡೆ ನೋಡದೆ ಹೇಳಿದಳು:

"ನಾಕ್ ತಿಂಗಳು ದಿನಾ ನನ್ನೆದುರಿಗೆ ಕೂತ ಉಂಡೀರಿ. ಒಂದ್ ದಿನಾನೂ ಹೇಳಬೇಕನಸಲಿಲ್ಲೇನ್ರಿ?"

ಅನಿಸಿತ್ತು, ದಿನಾ ಅನಿಸಿತ್ತು. ಮನೆ ಬರುವ ತನಕ ಅದನ್ನೂ ಹೇಳಲು ನನಗೆ ಬಾಯಿ ಬರಲಿಲ್ಲ.