ಅಕ್ಕವ್ವನಿಗೆ ಬಂದ ಕಾರ್ಡು

ಬೆಳಗಾವಿಯ ಶಿವಬಸವ ನಗರದ ನಾಗಲಿಂಗನನ್ನು ನಂಬಿಸುವುದು ಸುಲಭದ ಮಾತಲ್ಲ. ಕಾಯಿಪಲ್ಲೆಯವಳು ಮೆಂತ್ಯ ಇವತ್ತಿನದೇ ಎಂದರೆ ಬೇರು ಹಿಚುಕಿ ನೋಡುತ್ತಾನೆ. ಡಾಕ್ಟರು ರಕ್ತದೊತ್ತಡ ಸರಿ ಇದೆ ಎಂದರೆ ಇನ್ನೊಂದು ತೋಳು ಮುಂದೆ ಮಾಡುತ್ತಾನೆ. ಮೂವತ್ತೈದು ವರ್ಷ ಟಪಾಲು ವಿಂಗಡಿಸಿ ನಿವೃತ್ತನಾದವ. ಈಗ ಹಳೆಯ ಅಂಚೆ ಲಕೋಟೆ, ಕಾರ್ಡುಗಳನ್ನು ಕೂಡಿಹಾಕುವುದೊಂದೇ ಕೆಲಸ. ಒಮ್ಮೆ ಪುಣೆಯ ವ್ಯಾಪಾರಿಯೊಬ್ಬ ಮಹಾಯುದ್ಧದ ಕಾಲದ್ದು ಎಂದು ಲಕೋಟೆಯೊಂದನ್ನು ಮುಂದಿಟ್ಟಾಗ ಅದನ್ನು ಮೂಸಿ ನೋಡಿ, "ಈ ಅಂಟು ಹೋದ ದೀಪಾವಳೀದು" ಎಂದುಬಿಟ್ಟ. ವ್ಯಾಪಾರಿ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. "ಇವರು ನಮ್ಮ ಲಗ್ನಪತ್ರಿಕೀನೂ ಭೂತಗನ್ನಡಿ ಹಿಡದ ನೋಡ್ಯಾರ್ರಿ" ಎಂದು ಹೆಂಡತಿ ಮಾಯವ್ವ ಬಂದವರಿಗೆಲ್ಲ ಹೇಳುತ್ತಾಳೆ. ಅದು ಪೂರ್ತಿ ಸುಳ್ಳೇನಲ್ಲ.

ಈ ಸಂಶಯ ಅವನಿಗೆ ತಾಯಿಯ ಕಡೆಯಿಂದ ಬಂದ ಆಸ್ತಿ. ತಾಯಿ ಅಕ್ಕವ್ವನ ತವರು ಬೆಳಗಾವಿಯ ಖಾಸಬಾಗ, ಗಂಡನ ಮನೆ ಖಾನಾಪುರ. ಗಂಡ ಬಾಳಪ್ಪ ಅಲ್ಲಿನ ಹಂಚಿನ ಕಾರಖಾನೆಯಲ್ಲಿದ್ದ. ಅರವತ್ಮೂರನೆಯ ಇಸವಿಯ ಮಳೆಗಾಲದಲ್ಲಿ, ನಾಗಲಿಂಗ ಹುಟ್ಟಿ ಒಂಬತ್ತು ದಿನವಾಗಿದ್ದಾಗ, ಖಾಸಬಾಗದಲ್ಲಿ ಅಕ್ಕವ್ವನ ತಾಯಿ ತೀರಿಕೊಂಡಳು. ಬಾಣಂತಿಗೆ ಅದು ಗೊತ್ತಾದದ್ದು ಒಂದು ತಿಂಗಳ ಮೇಲೆ, ಅದೂ ಸಂತೆಗೆ ಬಂದ ಯಾರದೋ ಬಾಯಿಂದ. ಕೂಸನ್ನು ಕಟ್ಟಿಕೊಂಡು ತವರಿಗೆ ಓಡಿದಳು. ಅಣ್ಣ ಸಿದ್ದಪ್ಪ, "ಮನ್ಯಾಗ ಗಂಡಸಂತ ನಾ ಒಬ್ಬನ. ಹೆಣ ಬಿಟ್ಟು ಬರಾಕ ಆಗಲಿಲ್ಲ, ಕಾರ್ಡು ಹಾಕೀನಿ" ಎಂದ. ಯಾವ ಕಾರ್ಡೂ ಬಂದಿಲ್ಲವೆಂದು ಜೊತೆಗೆ ಬಂದಿದ್ದ ಬಾಳಪ್ಪ ಹೇಳಿದ. ಹೆತ್ತ ತಾಯಿಯ ಮಣ್ಣಿಗೂ ಕರೆಯದ ಅಣ್ಣ ಎಂದು ಅಕ್ಕವ್ವ ಅಂದೇ ತವರಿನ ಹೊಸ್ತಿಲು ಬಿಟ್ಟಳು. ಸಾಯುವತನಕ ಮತ್ತೆ ತುಳಿಯಲಿಲ್ಲ.

ಮಾವ ಸುಳ್ಳುಗಾರ ಎಂಬುದನ್ನು ಎದೆಹಾಲಿನ ಜೊತೆಗೇ ಕುಡಿದ ಮಗ ಮುಂದೆ ಅಂಚೆ ಇಲಾಖೆಗೇ ಸೇರಿದ. ಅಲ್ಲಿ ಅವನಿಗೊಂದು ದಾರಿ ಹೊಳೆಯಿತು. ಆ ಕಾಲದಲ್ಲಿ ಟಪಾಲಿಗೆ ಹೊರಟ ಊರಿನ ಮುದ್ರೆಯ ಜೊತೆ ಮುಟ್ಟಿದ ಊರಿನ ಮುದ್ರೆಯೂ ಬೀಳುತ್ತಿತ್ತು. ಆ ವಾರ ಬೆಳಗಾವಿಯಿಂದ ಖಾನಾಪುರಕ್ಕೆ ಹೋದ ಲಕೋಟೆಗಳನ್ನು ನಾಗಲಿಂಗ ಕಂಡಕಂಡವರ ಅಟ್ಟ ಹತ್ತಿ ಹುಡುಕಿದ. ಇಪ್ಪತ್ತು ವರ್ಷಕ್ಕೆ ಮೂರು ಸಿಕ್ಕವು. ಮೂರೂ ಮರುದಿನವೇ ಮುಟ್ಟಿದ್ದವು. ಅಲ್ಲಿಗೆ ಮಳೆಗೆ ಟಪಾಲು ನಿಂತಿರಲಿಲ್ಲ. ಹಾಕಿದ್ದರೆ ಕಾರ್ಡು ಬರಲೇಬೇಕಿತ್ತು. ಬರಲಿಲ್ಲ ಎಂದರೆ ಹಾಕಿಯೇ ಇರಲಿಲ್ಲ. ವಕೀಲನೂ ಮೆಚ್ಚುವ ಲೆಕ್ಕ. ಊರನ್ನೆಲ್ಲ ಸಂಶಯಿಸಿದ ಮನುಷ್ಯನಿಗೆ ಸ್ವಂತ ಮನೆಯ ಬಾಗಿಲು ಮಾತ್ರ ಕಂಡಿರಲಿಲ್ಲ.

ಈ ಜೂನ್ ಆರಂಭದಲ್ಲಿ ಖಾನಾಪುರದಿಂದ ಫೋನು ಬಂತು. ಕಾಶೀಬಾಯಿ ಎಂಬ ಹೆಂಗಸು. ಅವಳ ಮಾವ ಪಂಢರಿನಾಥ ಅಲ್ಲಿ ಪೋಸ್ಟ್‌ಮನ್ ಆಗಿದ್ದವ, ಸತ್ತು ಮೂವತ್ತು ವರ್ಷವಾಗಿತ್ತು. ನೀವು ಹಳೆಯ ಕಾರ್ಡು ಕೂಡಿಹಾಕುತ್ತೀರಂತೆ, ಅವನದೊಂದು ಟ್ರಂಕು ಅಟ್ಟದ ಮೇಲಿದೆ, ಬೇಕಾದರೆ ಒಯ್ಯಿರಿ ಎಂದಳು. ಪುಕ್ಕಟೆ ಎಂದ ಕೂಡಲೇ ನಾಗಲಿಂಗನ ಹುಬ್ಬು ಮೇಲೇರಿತು. ಆದರೂ ಮರುದಿನವೇ ಬಸ್ಸು ಹತ್ತಿದ.

"ಬರ್ರಿ ಸಾಹೇಬರ, ಕುಂದರ್ರಿ" ಎಂದು ಕಾಶೀಬಾಯಿ ಚಾಪೆ ಹಾಸಿದಳು. ಎಪ್ಪತ್ತು ದಾಟಿದರೂ ಗಟ್ಟಿ ಹೆಂಗಸು.

"ಇದನ್ನ ನನಗ ಯಾಕ ಕೊಡಾಕತ್ತೀರಿ ಅಕ್ಕಾರ?"

"ಮ್ಯಾಲೆ ತಗಡಿನ ಪತ್ರಾಸ ಹಾಕಾಕತ್ತೀವಿ, ಅಟ್ಟ ತಗೀಬೇಕು. ಇವು ಮಂದಿ ಸಾಮಾನ, ಸುಡಬ್ಯಾಡ್ರಿ ಅಂತ ಮಾವನವರು ಹೇಳಿ ಹೋಗ್ಯಾರ. ನಿಮಗ ಬ್ಯಾಡಾದ್ರ ಮಲಪ್ರಭೆಗೆ ಬಿಡತೀನಿ."

ಟ್ರಂಕಿನಲ್ಲಿ ಹರಿದ ಖಾಕಿ ಅಂಗಿ, ಒಂದು ಗಂಟೆ, ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಎಂಟು ಹತ್ತು ಕಾರ್ಡುಗಳು. ಒಂದೊಂದರದೂ ಮೂಲೆ ಹರಿದಿತ್ತು. ನಾಗಲಿಂಗನ ಕೈ ಹಿಂದೆ ಸರಿಯಿತು. ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿದೇ ಹಾಕುತ್ತಿದ್ದರು. ಓದಿದವರು ಅದನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ, ಬಾಗಿಲಲ್ಲೇ ಹರಿದು ಚೆಲ್ಲುತ್ತಿದ್ದರು. ಅದಕ್ಕೇ ಯಾವ ಸಂಗ್ರಹದಲ್ಲೂ ಅಂಥವು ಸಿಗುವುದಿಲ್ಲ. ಇಲ್ಲಿ ನೋಡಿದರೆ ಒಂದು ಕಟ್ಟೇ ಇದೆ, ಅದೂ ಪೋಸ್ಟ್‌ಮನ್ ಮನೆಯಲ್ಲಿ.

"ನಿಮ್ಮ ಮಾವನವರು ಟಪಾಲು ಹಂಚಲಾರದ ಮನ್ಯಾಗ ಇಟಗೋತಿದ್ರೇನು?" ಎಂದು ಕೇಳಿಯೇಬಿಟ್ಟ.

ಕಾಶೀಬಾಯಿಯ ಮುಖ ಕೆಂಪಾಯಿತು. "ಅವರು ಮಳಿಯಾಗ ತಾವು ತೊಯ್ಸಿಕೊಂಡ್ರು, ಟಪಾಲು ತೊಯ್ಸಲಿಲ್ಲ. ಮಾತಾಡೂಕಿಂತ ಮೊದಲ ತಿರುವಿ ನೋಡ್ರಿ."

ತಿರುವಿದ. ಅಂಚಿನಲ್ಲಿ ಪೆನ್ಸಿಲ್ಲಿನ ಸಾಲು: 'ಮನೆಯಲ್ಲಿ ಲಗ್ನ. ಆಮೇಲೆ.' ಕೆಳಗೆ ಮನೆಯ ಯಜಮಾನನ ಸಹಿ. ಇನ್ನೊಂದರಲ್ಲಿ, 'ಮುದುಕಿಗೆ ಜಡ್ಡು. ಆಮೇಲೆ.' ಕಾಶೀಬಾಯಿ ಬಿಡಿಸಿ ಹೇಳಿದಳು: ಲಗ್ನವೋ ಬಾಣಂತನವೋ ಇದ್ದ ಮನೆಯವರು ಇಂಥ ಕಾರ್ಡನ್ನು ಬಾಗಿಲಲ್ಲೇ ಓದಿ, ಸದ್ಯ ನಿನ್ನ ಹತ್ತಿರ ಇರಲಿ, ಆಮೇಲೆ ತಡವಾಗಿ ಬಂತೆಂದು ತಂದುಕೊಡು ಎನ್ನುತ್ತಿದ್ದರು. ಮನೆಯಲ್ಲಿ ಇಡುವಂತಿಲ್ಲ, ಹರಿದರೆ ತೋರಿಸಲು ಉಳಿಯುವುದಿಲ್ಲ. ನಾಳೆ ತಕರಾರು ಬರಬಾರದೆಂದು ಪಂಢರಿನಾಥ ಸಹಿ ತೆಗೆದುಕೊಳ್ಳುತ್ತಿದ್ದ. ತಿರುಗಿ ಯಾರೂ ಕೇಳದೇ ಹೋದವು ಇಲ್ಲಿ ಉಳಿದಿದ್ದವು. ಇದು ಕಾಯಿದೆಗೆ ಸರಿಯಾದದ್ದೇನಲ್ಲ. ಆದರೆ ಆ ಓಣಿಗಳಲ್ಲಿ ಕಾಯಿದೆಗಿಂತ ಬಾಣಂತಿ ದೊಡ್ಡವಳು.

ಐದನೆಯ ಕಾರ್ಡನ್ನು ನಾಗಲಿಂಗ ಬೆಳಕಿಗೆ ಹಿಡಿದ. 'ಸೌ. ಅಕ್ಕವ್ವ ಬಾಳಪ್ಪ, ಖಾನಾಪುರ.' ಬೆಳಗಾವಿಯ ಮುದ್ರೆ ಜುಲೈ ಹದಿನಾರು, ಖಾನಾಪುರದ್ದು ಹದಿನೇಳು. 'ಅವ್ವ ಮುಂಜಾನೆ ಹೋದಳು. ನೀನು ಬರುವವರೆಗೆ ಮಣ್ಣು ತಡೆಯುತ್ತೇನೆ. ಸಿದ್ದಪ್ಪ.' ಅಂಚಿನಲ್ಲಿ ಪೆನ್ಸಿಲ್: 'ಬಾಣಂತಿ. ಹಾಲು ಬತ್ತೀತು. ಆಮೇಲೆ.' ಕೆಳಗಿನ ಸಹಿಯನ್ನು ಅವನು ಸಾಲಿಯ ಪ್ರಗತಿಪತ್ರಗಳ ಮೇಲೆ ಹತ್ತು ವರ್ಷ ನೋಡಿದ್ದ. ಅಪ್ಪನದು.

ಭೂತಗನ್ನಡಿ ಹಿಡಿದ. ಮುದ್ರೆಯ ಮಸಿ ನೋಡಿದ, ಕಾಗದ ಮೂಸಿದ, ಸಹಿಯ ಬಾಲ ಮೂರು ಸಲ ನೋಡಿದ. ಖೊಟ್ಟಿಯಾಗಿರಲಿ ಎಂದು ಜೀವನದಲ್ಲಿ ಮೊದಲ ಸಲ ಹಾರೈಸಿದ. ಕಾರ್ಡು ಅಪ್ಪಟವಾಗಿತ್ತು.

ಬಸ್ಸಿನಲ್ಲಿ ಅವನಿಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ತಿಂಗಳ ಮಟ್ಟಿಗೆ ಮುಚ್ಚಿಟ್ಟದ್ದು ಸರಿ. ಹೆಂಡತಿ ಎದುರು ನಿಂತು ಕೇಳಿದಾಗಲೂ ಬಂದಿಲ್ಲ ಎಂದ. ಆಮೇಲೆ ಆ ಸುಳ್ಳಿನ ನೆರಳಲ್ಲೇ ನಲವತ್ತು ವರ್ಷ ಉಂಡು, ಮಲಗಿ, ಒಳ್ಳೆಯ ಗಂಡ ಎನಿಸಿಕೊಂಡು ಸತ್ತ. ಶಿವಬಸವ ನಗರದ ಮನೆಗೆ ಹೋಗದೆ ನಾಗಲಿಂಗ ನೇರ ಖಾಸಬಾಗದಲ್ಲಿ ಇಳಿದ.

ಸಿದ್ದಪ್ಪನಿಗೆ ಎಂಬತ್ತೆಂಟು. ನೇಕಾರಿಕೆ ಬಿಟ್ಟು ಮನೆಯ ಮಗ್ಗ ತೆಗೆದು ಎಷ್ಟೋ ವರ್ಷವಾಗಿತ್ತು. ಪಡಸಾಲೆಯ ಮಂಚದ ಮೇಲೆ ಕುಳಿತಿದ್ದ. ಯಾರ ಮಗ ಎಂದು ಹೇಳಿದ ಮೇಲೆ ಕೈ ಹಿಡಿದು ಪಕ್ಕದಲ್ಲಿ ಕೂಡ್ರಿಸಿಕೊಂಡ. ನಾಗಲಿಂಗ ಕಾರ್ಡು ಓದಿದ, ಅಂಚಿನ ಸಾಲನ್ನೂ ಓದಿದ.

"ಗೊತ್ತೈತಿ" ಎಂದ ಸಿದ್ದಪ್ಪ. "ಅಕ್ಕವ್ವ ಜಗಳಾ ಮಾಡಿ ಹೋದ ಮೂರನೇ ದಿನಕ್ಕ ನಿಮ್ಮಪ್ಪ ಬಂದು ಕಾಲಿಗೆ ಬಿದ್ದ. ತಪ್ಪಾತು, ಈಗ ಹೇಳಿದ್ರ ಅಕಿ ನನ್ನ ಮನ್ಯಾಗ ನಿಲ್ಲೂದಿಲ್ಲ ಅಂದ."

"ಮತ್ತ ನೀವ್ಯಾಕ ಸುಮ್ಮನಿದ್ರಿ ಮಾಮಾ?"

"ಹಸಗೂಸು ನೀನು, ಅಕಿ ಕೈಯಾಗಿದ್ದಿ. ಗಂಡನ ಮ್ಯಾಲೆ ಸಿಟ್ಟು ಬಂದ್ರ ಹೆಣ್ಣಮಗಳು ತವರಿಗೆ ಬರಬೇಕು. ತವರಾಗ ಅವ್ವ ಇರಲಿಲ್ಲ. ಅಣ್ಣನ ಮ್ಯಾಲೆ ಸಿಟ್ಟಾದ್ರ ಗಂಡನ ಮನಿ ಆದ್ರೂ ಉಳೀತೈತಿ. ಬರೇ ಒಂದ ವರ್ಷದ ಮಾತು ಅನಕೊಂಡಿದ್ನಿ."

ಮುದುಕ ನಾಗಲಿಂಗನ ಕೈಯನ್ನು ಬಿಡದೆ ಕೇಳಿದ: "ಅಕ್ಕವ್ವ ಹೋದಾಗ ನನಗ್ಯಾಕ ಸುದ್ದಿ ಬರಲಿಲ್ಲೋ? ಐದು ದಿನ ಆದಮ್ಯಾಲೆ ನೂಲಿನ ಅಂಗಡ್ಯಾಗ ಯಾರೋ ಅಂದ್ರು."

ಮೂರು ವರ್ಷದ ಹಿಂದಿನ ಮಾತು. ಅಂದು ನಾಗಲಿಂಗ ನೂರಾ ಇಪ್ಪತ್ತು ಮಂದಿಗೆ ತಾನೇ ಫೋನು ಮಾಡಿದ್ದ. ಮಾಯವ್ವ ಸಿದ್ದಪ್ಪನ ಮನೆಯ ನಂಬರು ಬರೆದ ಚೀಟಿ ತಂದುಕೊಟ್ಟಾಗ ಅದನ್ನು ಮಡಚಿ ಜೇಬಿಗಿಟ್ಟು, ಸುದ್ದಿ ಬಾರದಿದ್ದರೆ ಹೇಗಿರುತ್ತದೆಂದು ಅವನಿಗೂ ಗೊತ್ತಾಗಲಿ ಎಂದಿದ್ದ.

"ಫೋನ್ ಹಚ್ಚಿದ್ನಿ ಮಾಮಾ" ಎಂದ ಈಗ. "ಹತ್ತಲಿಲ್ಲ."

ಯಾವ ನಂಬರು, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂದು ಕೇಳಬೇಕಿತ್ತು. ತಾನಾಗಿದ್ದರೆ ಕೇಳುತ್ತಿದ್ದ. ಕೇಳಲಿ ಎಂದು ಕಾದ.

"ಇರಬೇಕು ತಮ್ಮಾ" ಎಂದ ಸಿದ್ದಪ್ಪ. "ಆವಾಗ ಮಳಿ ಭಾಳ ಇತ್ತು, ನಮ್ಮ ಫೋನು ಸರಿ ಇರಲಿಲ್ಲ." ಆಮೇಲೆ ಒಳಗಿನ ಸೊಸೆಯನ್ನು ಕರೆದು, ಅಕ್ಕವ್ವನ ಮಗ ಬಂದಿದ್ದಾನೆ, ಉಣ್ಣದೆ ಹೋಗಬಾರದು ಎಂದು ಹೇಳಿದ.